ಕಡಲ ಮೀನಿಗೆ ಕ್ಲೌಸರ್ ಫ್ಲೈ ಕಟ್ಟುವುದು ಹೇಗೆ?

ತುಮಕೂರಿನಿಂದ ಕಡಲು ದೂರ, ನಿಜ. ಆದರೆ ಕಡಲ ಮೀನಿಗೆ ಫ್ಲೈ (ಗಾಳಕ್ಕೆ ಕೂದಲು, ದಾರ ಸುತ್ತಿ ಮಾಡುವ ಹುಸಿ ಎರೆ) ಕಟ್ಟಲು ಮನೆಯ ಮೇಜೇ ಸಾಕು, ಅಲ್ವಾ? ಮೊದಲು ಮರಿಮೀನಿನಂತೆ ಕಾಣುವ ಕ್ಲೌಸರ್ ಮಿನ್ನೋ ಫ್ಲೈ ಕಲಿಯಿರಿ. ಅಮೆರಿಕದ ಬಾಬ್ ಕ್ಲೌಸರ್ 1980ರ ದಶಕದಲ್ಲಿ ಇದನ್ನು ಕಟ್ಟಿದ್ದು ಸಸ್ಕ್ವೆಹಾನಾ ನದಿಯ ಬಾಸ್ ಮೀನಿಗೆ. ಆಮೇಲೆ ಕಡಲಲ್ಲೂ ಹೆಸರು ಮಾಡಿತು.

ಗುಟ್ಟೆಲ್ಲ ಇರುವುದು ಕಣ್ಣಲ್ಲಿ. ಡಂಬೆಲ್ ಆಕಾರದ ಲೋಹದ ಕಣ್ಣನ್ನು ಗಾಳದ ಕಡ್ಡಿಯ ಮೇಲ್ಭಾಗದಲ್ಲಿ, ಮೀನುದಾರ ಪೋಣಿಸುವ ತೂತಿನಿಂದ ಸ್ವಲ್ಪ ಹಿಂದಕ್ಕೆ ಇಟ್ಟು, ದಾರವನ್ನು ಅಡ್ಡಡ್ಡ ಸುತ್ತಿ ಬಿಗಿಯಾಗಿ ಕಟ್ಟಿ. ಆ ಭಾರಕ್ಕೆ ನೀರಲ್ಲಿ ಗಾಳ ಮಗುಚಿ ಮೊನೆ ಮೇಲಾಗುತ್ತದೆ, ತಳದ ಕಲ್ಲಿಗೆ ಸಿಕ್ಕಿಕೊಳ್ಳುವುದು ಕಡಿಮೆ. ಎಳೆದಾಗ ಮುಂದೆ ನುಗ್ಗುತ್ತದೆ, ಬಿಟ್ಟಾಗ ಪೆಟ್ಟು ತಿಂದ ಮರಿಮೀನಿನ ಥರ ತಲೆ ಕೆಳಗಾಗಿ ಮುಳುಗುತ್ತದೆ. ಕಣ್ಣು ಅಲುಗಾಡಿದರೆ ಬಿಚ್ಚಿ ಮತ್ತೆ ಕಟ್ಟಿ, ಸುಮ್ನೆ ಅಂಟು ಸುರಿಯಬೇಡಿ.

ಮೂಲದಲ್ಲಿ ಬಳಸಿದ್ದು ಜಿಂಕೆ ಬಾಲದ ಕೂದಲು. ನಮ್ಮಲ್ಲಿ ಜಿಂಕೆಗೆ ಕಾನೂನಿನ ರಕ್ಷಣೆ ಇದೆ, ಅದು ಬೇಡವೇ ಬೇಡ. ಶಿರಾ, ಪಾವಗಡ ಕಡೆ ಮೇಕೆಗೇನು ಬರ? ಉದ್ದ ಕೂದಲು ತಂದು ತೊಳೆದು ಒಣಗಿಸಿ. ಬಿಳಿ ಕೂದಲು ಕಣ್ಣಿನ ಕಡೆಗೆ, ಗಾಢ ಬಣ್ಣದ್ದು ಮೊನೆಯ ಕಡೆಗೆ, ನಡುವೆ ನಾಲ್ಕಾರು ಹೊಳೆಯುವ ಎಳೆ. ತೆಳುವಾಗಿಯೇ ಕಟ್ಟಿ, ಕೂದಲು ಜಾಸ್ತಿಯಾದರೆ ಬೇಗ ಮುಳುಗುವುದಿಲ್ಲ. ಗಾಳ ಮಾತ್ರ ಸ್ಟೇನ್‌ಲೆಸ್ ಸ್ಟೀಲಿನದೇ ಇರಲಿ, ಉಪ್ಪುನೀರು ಸಾದಾ ಉಕ್ಕನ್ನು ಬೇಗ ತುಕ್ಕು ಹಿಡಿಸುತ್ತದೆ.