ಕಲಬುರಗಿ ಬಿಸಿಲಲ್ಲಿ ಬೆಂಚ್‌ಮಾರ್ಕ್: ನನ್ನ ಅನುಭವ

ಹಳೆ ಲ್ಯಾಪ್‌ಟಾಪ್ ಮಾರುವವನಿಗೆ ಬೆಂಚ್‌ಮಾರ್ಕ್, ಅಂದರೆ ಮಷೀನಿನ ವೇಗ ಅಳೆಯುವ ಪರೀಕ್ಷೆ, ಯಾಕೆ ಅಂತ ನಕ್ಕವರು ಬಹಳ ಜನ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರ್ಕೆಟ್ಟು ಎಸ್.ಪಿ. ರೋಡಿನಲ್ಲಿ ನಾನು ಪೆನ್‌ಡ್ರೈವ್ ತೆಗೆದರೆ ಸಾಕು, "ಬಂದ್ರಪ್ಪ ಸೈಂಟಿಸ್ಟು" ಅನ್ನುತ್ತಿದ್ದರು. ಈಗ ಅವರಲ್ಲೇ ಇಬ್ಬರು ಡೌಟ್ ಇರುವ ಪೀಸ್ ನನಗೆ ಕೊಟ್ಟು "ಒಂದ್ಸಲ ಓಡಿಸಿ ನೋಡಿ" ಅನ್ನುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಎರಡು-ಮೂರು ವರ್ಷದ ಹಿಂದೆ ಚಳಿಗಾಲದಲ್ಲಿ 14 ಪೀಸಿನ ಒಂದು ಲಾಟ್ ಎತ್ತಿದೆ. ಎಲ್ಲದರಲ್ಲೂ ಇಂಟೆಲ್‌ನ ಐ5-8250ಯು ಪ್ರೊಸೆಸರ್ ಚಿಪ್ಪು. ತಲಾ ಹದಿಮೂರುವರೆ ಸಾವಿರ. ಎಸಿ ರೂಮಿನಲ್ಲಿ ಕೂತು ಒಂದೊಂದಕ್ಕೂ ಗೀಕ್‌ಬೆಂಚ್ ಅನ್ನುವ ಬೆಂಚ್‌ಮಾರ್ಕ್ ಸಾಫ್ಟ್‌ವೇರ್ ಓಡಿಸಿದೆ. ಸ್ಕೋರು ಎಲ್ಲಾ ಹೆಚ್ಚುಕಡಿಮೆ ಒಂದೇ. ಖುಷಿಯಿಂದ ಊರಿಗೆ ತಂದು ಮಾರಿದೆ.

ಏಪ್ರಿಲ್ ಬಂತು. ಮದುವೆ ಆಲ್ಬಂ ಡಿಸೈನ್ ಮಾಡುವ ಹುಡುಗನೊಬ್ಬ ಲ್ಯಾಪ್‌ಟಾಪ್ ತಂದು ಕೌಂಟರ್ ಮೇಲೆ ಇಟ್ಟ. "ಅಣ್ಣಾ, ಹತ್ತ್ ಪೇಜ್ ತನಕ ಕುದುರಿ ಓಡ್ದಂಗ ಓಡ್ತದ, ಆಮ್ಯಾಲ ಎಮ್ಮಿ." ಅಲ್ಲೇ ಗೀಕ್‌ಬೆಂಚ್ ಓಡಿಸಿದೆ. ಒಳ್ಳೇ ಸ್ಕೋರೇ ಬಂತು. ಅವನದೇ ತಪ್ಪು ಅಂತ ಬೈದು ಕಳಿಸಿದೆ. ಆ ಬೇಸಿಗೆಯಲ್ಲಿ ಐದು ಪೀಸ್ ವಾಪಸ್ ಬಂದವು. ರಿಫಂಡು, ರಿಪೇರಿ, ಬೆಂಗಳೂರಿಗೆ ಓಡಾಟ ಎಲ್ಲಾ ಸೇರಿ 22 ಸಾವಿರ ಹೋಗಿರಬೇಕು.

ಗೀಕ್‌ಬೆಂಚ್‌ನ ತಪ್ಪಲ್ಲ. ಅದು ಒಂದೊಂದು ಪರೀಕ್ಷೆಯ ನಡುವೆ ಕೆಲವು ಸೆಕೆಂಡ್ ಬಿಡುವು ಕೊಡುತ್ತದೆ. ಮಷೀನು ಅಷ್ಟರಲ್ಲಿ ಉಸಿರು ಎಳೆದುಕೊಳ್ಳುತ್ತದೆ. ಈ 8250ಯು ಹೇಳಿಕೇಳಿ 15 ವಾಟ್ ಚಿಪ್ಪು, ಮೊದಲ ಅರ್ಧ ನಿಮಿಷ ಅದಕ್ಕಿಂತ ಎಷ್ಟೋ ಜಾಸ್ತಿ ಕರೆಂಟ್ ಕುಡಿದು ಹಾರಾಡುತ್ತದೆ, ಆಮೇಲೆ ಬಿಸಿ ಏರಿದರೆ ವೇಗ ಇಳಿಸುತ್ತದೆ. ನನ್ನ ಗಿರಾಕಿಗಳ ಕೆಲಸ ಅರ್ಧ ನಿಮಿಷದ್ದಲ್ಲ ಅಲ್ವಾ?

ಸಿನೆಬೆಂಚ್ ಆರ್23 ಅನ್ನುವ ಇನ್ನೊಂದು ಬೆಂಚ್‌ಮಾರ್ಕ್ ಚೆನ್ನಾಗಿದೆ, ಅದರಲ್ಲಿ ಹತ್ತು ನಿಮಿಷದ ಓಟ ಇದೆ. ಆದರೆ ನನಗೆ ಕೈಗೆ ಹತ್ತಿದ್ದು 7-ಜಿಪ್. ಹೌದು, ಫೈಲ್ ಒತ್ತಿ ಚಿಕ್ಕದು ಮಾಡುವ ಅದೇ 7-ಜಿಪ್. ಅದರೊಳಗೇ ಬೆಂಚ್‌ಮಾರ್ಕ್ ಇದೆ. ಬ್ಯಾಚ್ ಫೈಲಿನಲ್ಲಿ ಸುತ್ತು ಹಾಕಿ ನಲವತ್ತು ನಿಮಿಷ ಬಿಡುತ್ತೇನೆ, ಪಕ್ಕದಲ್ಲಿ ಎಚ್‌ಡಬ್ಲ್ಯೂಇನ್ಫೋ ಅನ್ನುವ ಸಾಫ್ಟ್‌ವೇರ್ ಬಿಸಿ ಮತ್ತು ವಾಟ್ ಬರೆದುಕೊಳ್ಳುತ್ತದೆ. ಸಮಯ ಮಧ್ಯಾಹ್ನ ಎರಡು ಗಂಟೆ. ಕೂಲರ್ ಬಂದ್. ಲ್ಯಾಪ್‌ಟಾಪ್ ಟೇಬಲ್ ಮೇಲಲ್ಲ, ಮಡಿಸಿದ ಜಮಖಾನೆ ಮೇಲೆ. ಜನ ಮಂಚದ ಮೇಲೇ ತಾನೇ ಇಟ್ಟುಕೊಳ್ಳೋದು?

ಮೊದಲ ಸುತ್ತಿಗೂ ಕೊನೆಯ ಐದು ಸುತ್ತಿನ ಸರಾಸರಿಗೂ ಎಷ್ಟು ಅಂತರ, ಅಷ್ಟೇ ನೋಡುವುದು. ಗಟ್ಟಿ ಪೀಸು 20 ಸಾವಿರ ಮಿಪ್ಸ್‌ನಿಂದ (7-ಜಿಪ್ ವೇಗ ತೋರಿಸುವ ಅಳತೆ) 17 ಸಾವಿರಕ್ಕೆ ಇಳಿದು ನಿಲ್ಲುತ್ತಿತ್ತು. ವಾಪಸ್ ಬಂದವು 11 ಸಾವಿರಕ್ಕೆ ಕುಸಿದವು. ಬಿಚ್ಚಿದರೆ ಮೂರರಲ್ಲಿ ಫ್ಯಾನಿನ ಹಿಂದೆ ಧೂಳು ಕಂಬಳಿ ಥರ ಕೂತಿತ್ತು, ಚಿಪ್ಪಿನ ಬಿಸಿ ದಾಟಿಸುವ ಪೇಸ್ಟ್ ಒಣಗಿ ಸುಣ್ಣದಂತಾಗಿತ್ತು. ಹೊಸ ಪೇಸ್ಟಿನ 400 ರೂಪಾಯಿಯ ಟ್ಯೂಬು ಎಂಟು ಮಷೀನಿಗೆ ಬರುತ್ತದೆ. ಇನ್ನೊಂದರಲ್ಲಿ ಬಿಸಿಯನ್ನು ಫ್ಯಾನಿನ ಕಡೆ ಒಯ್ಯುವ ಹೀಟ್‌ಪೈಪೇ ಸತ್ತಿತ್ತು. ಚಿಪ್ಪಿನ ಕಡೆ ಮುಟ್ಟಿದರೆ ಬೆರಳು ಚುರ್ ಅಂತು, ಫ್ಯಾನಿನ ಕಡೆ ತಣ್ಣಗೆ. ಐದನೆಯದು ಕೊನೆಗೂ ಸರಿಹೋಗಲಿಲ್ಲ, ಬಿಡಿಭಾಗಕ್ಕೆ ಕೊಟ್ಟೆ.

ಇದರಿಂದ ದುಡ್ಡೂ ಮಾಡಿದೆ, ಹೇಳಿಬಿಡುತ್ತೇನೆ. "ಬೋರ್ಡ್ ಹೋಗಿದೆ" ಅಂತ ಒಬ್ಬರು 6 ಸಾವಿರಕ್ಕೆ ಒಂದು ಪೀಸ್ ಕೈಗೆ ಹಾಕಿದರು. ಓಡಿಸಿದರೆ ಮೊದಲಿಂದ ಕೊನೆವರೆಗೂ 5 ಸಾವಿರ ಮಿಪ್ಸ್, ಒಂದು ಚೂರೂ ಅಲುಗಲಿಲ್ಲ. ಬಿಸಿ 48 ಡಿಗ್ರಿ ದಾಟಲಿಲ್ಲ. ಹಾಗಾದರೆ ಬಿಸಿಯ ಕಾಟ ಅಲ್ಲ. ಚಾರ್ಜರಿನ ನಡುವಿನ ಸಣ್ಣ ಪಿನ್ ಮುರಿದಿತ್ತು. ಚಾರ್ಜರಿನ ಗುರುತು ಸಿಗದೆ ಮಷೀನು ಪಾಪ 0.8 ಗಿಗಾಹರ್ಟ್ಜ್‌ನಲ್ಲೇ ತೆವಳುತ್ತಿತ್ತು. 700 ರೂಪಾಯಿಯ ಸೆಕೆಂಡ್‌ಹ್ಯಾಂಡ್ ಚಾರ್ಜರ್ ಹಾಕಿ 15 ಸಾವಿರಕ್ಕೆ ಮಾರಿದೆ.

ಫೋನ್ ಕಥೆ ಬೇರೆ. ಕೆಲವು ಫೋನುಗಳು ಆ್ಯಪಿನ ಹೆಸರು ನೋಡಿ ವೇಗ ಬದಲಿಸುತ್ತವೆ: ಬೆಂಚ್‌ಮಾರ್ಕ್ ಕಂಡರೆ ಪೂರ್ತಿ ವೇಗ, ಬೇರೆ ಆ್ಯಪಿಗೆ ಕಡಿಮೆ. 2021ರಲ್ಲಿ ಒನ್‌ಪ್ಲಸ್ 9, 2022ರಲ್ಲಿ ಗ್ಯಾಲಕ್ಸಿ ಎಸ್22 ಇದೇ ಕಾರಣಕ್ಕೆ ಗೀಕ್‌ಬೆಂಚ್ ಪಟ್ಟಿಯಿಂದ ಹೊರಬಿದ್ದವು. ನಾನು ಟರ್ಮಕ್ಸ್ (ಫೋನಿನಲ್ಲಿ ಕಮಾಂಡ್ ಟೈಪ್ ಮಾಡಿ ಪ್ರೋಗ್ರಾಂ ಓಡಿಸುವ ಆ್ಯಪ್) ಹಾಕಿ ಅದರಲ್ಲೂ 7-ಜಿಪ್ಪೇ ಓಡಿಸುತ್ತೇನೆ. ಅದನ್ನು ಬೆಂಚ್‌ಮಾರ್ಕ್ ಅಂತ ಗುರುತಿಸಿದ ಫೋನು ನನಗಿನ್ನೂ ಸಿಕ್ಕಿಲ್ಲ. ಸುಮ್ನೆ ಕುತೂಹಲಕ್ಕೆ ನನ್ನ ಫೋನನ್ನೇ ಫ್ರಿಜ್‌ನಲ್ಲಿಟ್ಟು ಓಡಿಸಿದ್ದೆ. ಸ್ಕೋರು ಸೂಪರ್. ಹೊರಗೆ ತೆಗೆದ ಮೇಲೆ ಕ್ಯಾಮೆರಾ ಒಳಗೆ ಮಂಜು ಕೂತು 1,200 ರೂಪಾಯಿ ಕೈಬಿಟ್ಟಿತು. ನೀವು ಮಾಡಬೇಡಿ.

ಯಾವ ಮಾಡೆಲ್ ಎಷ್ಟರ ತನಕ ಇಳಿದರೆ ಪರವಾಗಿಲ್ಲ ಅನ್ನುವ ಲೆಕ್ಕ ಒಂದು ನೋಟ್‌ಬುಕ್ಕಿನಲ್ಲಿದೆ. ಅದು ಅಂಗಡಿಯ ಗಲ್ಲಾದಲ್ಲೇ ಇರಲಿ. ಹೋದ ವರ್ಷ 90ರಷ್ಟು ಮಾರಿದೆ, ವಾಪಸ್ ಬಂದಿದ್ದು ಎರಡು. ಒಂದಕ್ಕೆ ಚಹಾ ಬಿದ್ದಿತ್ತು.

ಮೊನ್ನೆ ಆ ಆಲ್ಬಂ ಹುಡುಗ ಮತ್ತೆ ಬಂದಿದ್ದ, ತಮ್ಮನಿಗೊಂದು ಬೇಕಂತೆ. ಜಮಖಾನೆ ಪಕ್ಕ ನಲವತ್ತು ನಿಮಿಷವೂ ಕೂತು ನೋಡಿದ. ಆಮೇಲೆ ಐನೂರು ಕಡಿಮೆ ಮಾಡು ಅಂದ. ಮಾಡಲಿಲ್ಲ. ತಗೊಂಡು ಹೋದ.