ತೋಟದ ಮನೆಯ ಗೇಮಿಂಗ್ ಪಿಸಿ: ಮೊದಲು ಯಾವುದಕ್ಕೆ ದುಡ್ಡು ಹಾಕಿದೆ

2018ರ ಮೇ ತಿಂಗಳ ಒಂದು ಸಂಜೆ ಜೋರು ಸಿಡಿಲು ಹೊಡೆಯಿತು. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ ಒಳದಾರಿಯಲ್ಲಿ ನಮ್ಮ ಮನೆ, ಸುತ್ತ ಅಡಿಕೆ ತೋಟ. ಕಂಪ್ಯೂಟರ್ ಆಫ್ ಆಗಿತ್ತು, ಆದರೆ ಪ್ಲಗ್ ಕಿತ್ತಿರಲಿಲ್ಲ. ಮರುದಿನ ಬಟನ್ ಒತ್ತಿದರೆ ಸದ್ದೇ ಇಲ್ಲ. ಮುಚ್ಚಳ ತೆಗೆದೆ, ಪವರ್ ಸಪ್ಲೈಯಿಂದ ಸುಟ್ಟ ವಾಸನೆ. ಅದೊಂದೇ ಹೋಗಿದ್ದರೆ ಸಹಿಸಬಹುದಿತ್ತು. ಮದರ್‌ಬೋರ್ಡನ್ನೂ ಕರೆದುಕೊಂಡು ಹೋಗಿತ್ತು.

ಆ ಪಿಸಿ ಕೊಳ್ಳುವಾಗ ನಾನು ಪ್ರೊಸೆಸರ್ ಯಾವುದು, ಗ್ರಾಫಿಕ್ಸ್ ಕಾರ್ಡ್ ಯಾವುದು ಅಂತ ಮಾತ್ರ ಕೇಳಿದ್ದೆ. ಪವರ್ ಸಪ್ಲೈ ಅಂಗಡಿಯವರು ಕೊಟ್ಟಿದ್ದು. ಮೇಲೆ 450 ವ್ಯಾಟ್ ಅಂತ ದೊಡ್ಡದಾಗಿ ಬರೆದಿತ್ತು. ಹಾಳಾದ ಮೇಲೆ ಅದರ ಪಕ್ಕದ ಸ್ಟಿಕ್ಕರ್ ಓದಿದೆ. 12 ವೋಲ್ಟ್ ಸಾಲಿನಲ್ಲಿ 20 ಆಂಪ್ ಇತ್ತು. 12ನ್ನು 20ರಿಂದ ಗುಣಿಸಿದರೆ 240 ವ್ಯಾಟ್, ಅಷ್ಟೇ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಓಡುವುದು ಈ 12 ವೋಲ್ಟ್ ಮೇಲೆಯೇ. ಪೆಟ್ಟಿಗೆ ಮೇಲಿನ ಸಂಖ್ಯೆ ಬಿಡಿ, ಈ ಗುಣಾಕಾರ ಮಾಡಿ ನೋಡಿ. ಒಳ್ಳೆ 550 ವ್ಯಾಟ್ ಯೂನಿಟ್‌ನಲ್ಲಿ ಇದು 500ರ ಮೇಲೆ ಬರುತ್ತದೆ.

ಮುಂದಿನ ಪಿಸಿ ಕಟ್ಟುವಷ್ಟು ದುಡ್ಡು ಸೇರಲು ಎರಡು ಫಸಲು ಬೇಕಾಯಿತು. ತೋಟದ ಮನೆಯಲ್ಲಿ ದುಡ್ಡು ಬರುವುದು ವರ್ಷಕ್ಕೊಮ್ಮೆ, ಅಡಿಕೆ ಮಂಡಿಗೆ ಹೋದ ಮೇಲೆ. ಅಪ್ಪ ಐವತ್ತು ಸಾವಿರ ಕೊಟ್ಟು ಹೇಳಿದರು: "ಎಲ್ಲಾ ಒಂದೇ ಸಲ ಆಗ್ಬೇಕು ಅಂತ ಹಟ ಬೇಡ ಮಾರಾಯ. ಈ ವರ್ಷ ಇಷ್ಟು. ಮುಂದಿಂದು ಮುಂದೆ ನೋಡೋಣ." ಪಿಸಿ ಆರಿಸಲು ನನಗೆ ಸಿಕ್ಕ ಅತ್ಯುತ್ತಮ ಸಲಹೆ ಇದೇ. ಮುಂದೆ ಬದಲಿಸಬಹುದಾದ ಭಾಗ ಯಾವುದು, ಬದಲಿಸದೆ ಉಳಿಯಬೇಕಾದ್ದು ಯಾವುದು ಅಂತ ಕೂತು ಬರೆದೆ. ಪವರ್ ಸಪ್ಲೈ, ಮದರ್‌ಬೋರ್ಡ್, ಕೇಸ್ ಉಳಿಯಬೇಕು. ಪ್ರೊಸೆಸರ್, ಕಾರ್ಡ್ ಬದಲಾಗುತ್ತವೆ. ಹಾಗಾಗಿ ಉಳಿಯುವುದಕ್ಕೆ ಒಳ್ಳೆಯದು, ಬದಲಾಗುವುದಕ್ಕೆ ಸದ್ಯಕ್ಕೆ ಸಾಕಾಗುವಷ್ಟು.

ಭಾಗ ತರುವ ಮೊದಲೇ ವೈರ್‌ಮನ್ ಕರೆಸಿದೆ. ಹಳೆಯ ಪಿಸಿಯ ಕ್ಯಾಬಿನೆಟ್ಟನ್ನು ಬರಿಗಾಲಲ್ಲಿ ನಿಂತು ಮುಟ್ಟಿದರೆ ಬೆರಳು ಜುಂ ಎನ್ನುತ್ತಿತ್ತು. ಅದೇನೂ ಇಲ್ಲ ಅಂದುಕೊಂಡಿದ್ದೆ. ಅವರು ಮೀಟರ್ ಹಿಡಿದು ನೋಡಿ, "ನಿಮ್ಮಲ್ಲಿ ಅರ್ಥಿಂಗೇ ಇಲ್ಲ ಕಣ್ರೀ, ಮೂರನೇ ಪಿನ್ ಸುಮ್ನೆ ಇದೆ" ಅಂದರು. ಪವರ್ ಸಪ್ಲೈ ಒಳಗಿನ ಫಿಲ್ಟರ್‌ನಿಂದ ಸ್ವಲ್ಪ ಕರೆಂಟ್ ಲೋಹದ ಮೈಗೆ ಸೋರುತ್ತದೆ. ಅರ್ಥ್ ಇದ್ದರೆ ಅದು ನೆಲಕ್ಕೆ ಹೋಗುತ್ತದೆ, ಇಲ್ಲದಿದ್ದರೆ ನಮ್ಮ ಕೈಗೆ ಬರುತ್ತದೆ. ದಿಢೀರನೆ ಏರುವ ವೋಲ್ಟೇಜ್ ತಡೆಯುವ ಸರ್ಜ್ ಪ್ರೊಟೆಕ್ಟರ್ ಕೂಡ ಅರ್ಥ್ ಇಲ್ಲದೆ ಪೂರ್ತಿ ಕೆಲಸ ಮಾಡುವುದಿಲ್ಲ. ಬಚ್ಚಲ ನೀರು ಇಂಗುವ ಕಡೆ ಗುಂಡಿ ತೆಗೆಸಿ ಇದ್ದಿಲು, ಉಪ್ಪು ಹಾಕಿ ಹೊಸ ಅರ್ಥ್ ಮಾಡಿಸಿದೆವು. ಮಳೆಗಾಲದಲ್ಲಿ ನೆಲ ತಾನೇ ಹಸಿಯಾಗಿರುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಒಣಗುತ್ತದೆ, ಸಿಡಿಲು ಶುರುವಾಗುವುದೂ ಆಗಲೇ. ಆ ಎರಡು ತಿಂಗಳು ವಾರಕ್ಕೊಮ್ಮೆ ಎರಡು ಕೊಡ ನೀರು ಹೊಯ್ಯುತ್ತೇನೆ.

2020ರ ಫೆಬ್ರವರಿಯಲ್ಲಿ ಭಾಗ ಕೊಂಡೆ. ಕೆಲವು ಶಿವಮೊಗ್ಗದಲ್ಲಿ, ಕೆಲವು ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ. ಪವರ್ ಸಪ್ಲೈ 550 ವ್ಯಾಟ್, 80 ಪ್ಲಸ್ ಬ್ರಾಂಜ್, ಐದು ವರ್ಷ ವಾರಂಟಿ, 4,500 ರೂಪಾಯಿ. ಬ್ರಾಂಜ್ ಅನ್ನುವುದು ಕರೆಂಟ್ ಎಷ್ಟು ಪೋಲಾಗುತ್ತದೆ ಅನ್ನುವುದರ ಲೆಕ್ಕ ಮಾತ್ರ. ಯೂನಿಟ್ ಗಟ್ಟಿ ಅನ್ನುವುದಕ್ಕೆ ಅದೊಂದೇ ಸಾಕ್ಷಿ ಅಲ್ಲ. ನಾನು ನೋಡಿದ್ದು ವಾರಂಟಿಯ ವರ್ಷ ಮತ್ತು 12 ವೋಲ್ಟ್ ಆಂಪ್.

ಮದರ್‌ಬೋರ್ಡ್ ಎಎಂಡಿ ಪ್ರೊಸೆಸರ್ ಕೂರುವ ಬಿ450 ಮಾದರಿ, ಸುಮಾರು 8,000. ಐದು ಸಾವಿರಕ್ಕೂ ಬೋರ್ಡ್ ಸಿಗುತ್ತಿತ್ತು. ಮೂರು ಸಾವಿರ ಜಾಸ್ತಿ ಕೊಟ್ಟದ್ದು ಮೂರು ಕಾರಣಕ್ಕೆ. ರ್ಯಾಮ್‌ಗೆ ನಾಲ್ಕು ಸ್ಲಾಟ್ ಇದ್ದವು. ಪ್ರೊಸೆಸರ್‌ಗೆ ಕರೆಂಟ್ ಕೊಡುವ ವಿಆರ್‌ಎಂ ಮೇಲೆ ಶಾಖ ಹೊರಹಾಕುವ ಹೀಟ್‌ಸಿಂಕ್ ಇತ್ತು. ಹಿಂಬದಿಯಲ್ಲಿ ಬಯೋಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇತ್ತು. ಬಯೋಸ್ ಅಂದರೆ ಪಿಸಿ ಆನ್ ಆಗುವಾಗ ಮೊದಲು ಓಡುವ, ಬೋರ್ಡಿನೊಳಗಿನ ಸಾಫ್ಟ್‌ವೇರ್. ಈ ಬಟನ್ ನಮ್ಮಂಥ ಊರಿನವರಿಗೆ ಬಹಳ ಮುಖ್ಯ. ಬಯೋಸ್ ಅಪ್‌ಡೇಟ್ ಆಗುವಾಗ ಕರೆಂಟ್ ಹೋದರೆ ಬೋರ್ಡ್ ಅಲ್ಲಿಗೇ ಸತ್ತಂತೆ. ಈ ಬಟನ್ ಇದ್ದರೆ ಪೆನ್‌ಡ್ರೈವ್ ಚುಚ್ಚಿ ಮತ್ತೆ ಎಬ್ಬಿಸಬಹುದು.

ಇಂಟೆಲ್ ಬಿಟ್ಟು ಎಎಂಡಿ ಆರಿಸಿದ್ದಕ್ಕೆ ಸಾಕೆಟ್, ಅಂದರೆ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ, ಕಾರಣ. ಆಗಿನ ಇಂಟೆಲ್ ಬೋರ್ಡ್‌ಗಳಲ್ಲಿ ಒಂದೆರಡು ಪೀಳಿಗೆಗೆ ದಾರಿ ಮುಗಿಯುತ್ತಿತ್ತು. 2017ರಲ್ಲಿ ಅದೇ 1151 ಸಾಕೆಟ್ ಇಟ್ಟುಕೊಂಡೂ ಹಳೆ ಬೋರ್ಡಿಗೆ ಹೊಸ ಪ್ರೊಸೆಸರ್ ಕೂರದ ಹಾಗೆ ಮಾಡಿದ್ದರು. ಎಎಂಡಿಯ ಎಎಂ4 ಸಾಕೆಟ್‌ನಲ್ಲಿ ದಾರಿ ಉದ್ದ ಇದೆ ಅನ್ನಿಸಿತು. ಆದರೂ ಮೂರೇ ತಿಂಗಳಲ್ಲಿ ಎದೆ ಧಸಕ್ ಅಂದಿತು. 2020ರ ಮೇನಲ್ಲಿ ಎಎಂಡಿ, ಮುಂದಿನ ಪೀಳಿಗೆಯ ಪ್ರೊಸೆಸರ್ ಬಿ450 ಬೋರ್ಡಿಗೆ ಬರುವುದಿಲ್ಲ ಅಂತ ಹೇಳಿತು. ಕೊಂಡವರೆಲ್ಲ ಗಲಾಟೆ ಮಾಡಿದ ಮೇಲೆ ಎರಡು ವಾರದೊಳಗೆ ಮಾತು ಬದಲಿಸಿತು. ಆ ಎರಡು ವಾರ ನನಗೆ ನಿಜವಾಗಿಯೂ ಬೇಜಾರಾಗಿತ್ತು.

ಪ್ರೊಸೆಸರ್ ರೈಜೆನ್ 5 2600, 10,000. ಆಗಲೇ ಅದರ ಮುಂದಿನ ರೈಜೆನ್ 5 3600 ಬಂದಿತ್ತು, ಐದು ಸಾವಿರ ಜಾಸ್ತಿ, ಬಿಟ್ಟೆ. ಕಾರ್ಡ್ ಆರ್‌ಎಕ್ಸ್ 580, 8 ಜಿಬಿ, 14,000. ರ್ಯಾಮ್ 8 ಜಿಬಿಯ ಎರಡು ಕಡ್ಡಿ, 6,000. ಒಂದೇ 16 ಜಿಬಿ ಕಡ್ಡಿ ಹಾಕಿದರೆ ಅರ್ಧ ದಾರಿ ಮುಚ್ಚಿದ ಹಾಗೆ, ಆಟದಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಜೊತೆಗೆ 500 ಜಿಬಿ ಎಸ್‌ಎಸ್‌ಡಿ, ಗಾಳಿ ಆಡುವ ಕೇಸ್. ಒಟ್ಟು 51,000. ಮಾನಿಟರ್, ಕೀಬೋರ್ಡ್, ಹಾರ್ಡ್ ಡಿಸ್ಕ್ ಹಳೆಯವೇ. ಮೊದಲ ಎರಡು ತಿಂಗಳು 3000 ವೇಗದ ರ್ಯಾಮ್ 2133ರಲ್ಲೇ ಓಡುತ್ತಿತ್ತು. ರ್ಯಾಮನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿಯನ್ನು ಬಯೋಸ್‌ನಲ್ಲಿ ಆನ್ ಮಾಡಬೇಕು ಅಂತ ನನಗೆ ಯಾರೂ ಹೇಳಿರಲಿಲ್ಲ. ನಿಮ್ಮದನ್ನು ಇವತ್ತೇ ನೋಡಿಕೊಳ್ಳಿ.

ಆಮೇಲೆ ಯುಪಿಎಸ್. ಮನೆಯ ಇನ್ವರ್ಟರ್ ಮೇಲೆ ನಡೆಸೋಣ ಅಂದುಕೊಂಡಿದ್ದೆ. ಕರೆಂಟ್ ಹೋದಾಗ ಅದು ಬ್ಯಾಟರಿಗೆ ದಾಟುವಷ್ಟರಲ್ಲಿ ಪಿಸಿ ರೀಸ್ಟಾರ್ಟ್ ಆಗುತ್ತಿತ್ತು. ಒಳ್ಳೆ ಪವರ್ ಸಪ್ಲೈ ಕೂಡ ಪೂರ್ತಿ ಭಾರದಲ್ಲಿ ಕರೆಂಟಿಲ್ಲದೆ ತಡೆಯುವುದು ಸುಮಾರು 16 ಮಿಲಿಸೆಕೆಂಡ್ ಅಥವಾ ಅದಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ನಮ್ಮ ಇನ್ವರ್ಟರ್ ಹಿಂದೆ ಯುಪಿಎಸ್ ಮೋಡ್ ಅಂತ ಸ್ವಿಚ್ ಇತ್ತು, ಅದನ್ನು ಒತ್ತಿದ ಮೇಲೆ ಸರಿಯಾಯಿತು. ಆದರೆ ತೋಟದ ಪಂಪ್‌ಸೆಟ್ ಶುರುವಾದಾಗ ವೋಲ್ಟೇಜ್ ಕುಸಿಯುವುದು ನಿಲ್ಲಲಿಲ್ಲ. ಮುಂದಿನ ವರ್ಷ ವೋಲ್ಟೇಜ್ ಸರಿಪಡಿಸುವ 1000 ವಿಎ ಯುಪಿಎಸ್ ತಂದೆ. ಆಟ ಆಡಲು ಅಲ್ಲ, ಸೇವ್ ಮಾಡಿ ಆಫ್ ಮಾಡುವಷ್ಟು ಹೊತ್ತಿಗೆ.

ಸಿಡಿಲಿಗೆ ಮಾತ್ರ ಯುಪಿಎಸ್ ಅಡ್ಡ ನಿಲ್ಲುವುದಿಲ್ಲ. ಮೋಡ ಕಟ್ಟಿತೋ, ಪ್ಲಗ್ ಕೀಳುತ್ತೇನೆ. ಇಂಟರ್ನೆಟ್‌ನ ತಂತಿಯನ್ನೂ ಕೀಳುತ್ತೇನೆ. ಸಿಡಿಲು ತಾಮ್ರದ ಲ್ಯಾನ್ ಕೇಬಲ್ ಹಿಡಿದೂ ಒಳಗೆ ಬರುತ್ತದೆ.

ಮಳೆಗಾಲದ ಥಂಡಿ ಇನ್ನೊಂದು ಕಥೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಲ್ಟು, ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಪಿಸಿಯನ್ನು ಹೊರಗೋಡೆಯಿಂದ ದೂರ, ನೆಲದಿಂದ ಮೇಲೆ ಇಟ್ಟಿದ್ದೇನೆ. ದಿನಕ್ಕೆ ಅರ್ಧ ಗಂಟೆಯಾದರೂ ಓಡಿಸುತ್ತೇನೆ, ಒಳಗೆ ಬೆಚ್ಚಗಾಗಲಿ ಅಂತ. ಪ್ಲಾಸ್ಟಿಕ್ ಕವರ್ ಹಾಕಬೇಡಿ, ತೇವ ಒಳಗೇ ಉಳಿಯುತ್ತದೆ. ಹಳೆ ಪಂಚೆ ಸಾಕು. ಒಂದು ಆಗಸ್ಟ್‌ನಲ್ಲಿ ಪಿಸಿ ಆನ್ ಆದರೂ ಪರದೆ ಬರಲಿಲ್ಲ. ಸ್ವಿಚ್ ಆಫ್ ಮಾಡಿ, ರ್ಯಾಮ್ ತೆಗೆದು, ಅದರ ಬಂಗಾರದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಹಾಕಿದೆ, ಬಂತು. ಇರುವೆ, ಹಲ್ಲಿಮರಿ ಹೋಗದಂತೆ ಕೇಸಿನ ತೂತುಗಳಿಗೆ ಸೊಳ್ಳೆ ಪರದೆ ಬಟ್ಟೆ ಅಂಟಿಸಿದ್ದೇನೆ.

2023ರ ಅಡಿಕೆ ದುಡ್ಡಿನಲ್ಲಿ ಬದಲಾಗುವ ಭಾಗ ಬದಲಾದವು. ರೈಜೆನ್ 5 5600ಗೆ 11,500, ಆರ್‌ಎಕ್ಸ್ 6600ಗೆ 21,500. ಹಳೆಯವನ್ನು ಮಾರಿದಾಗ 9,000 ಬಂತು. ಹಳೆ ಪ್ರೊಸೆಸರ್ ಇರುವಾಗಲೇ ಬಯೋಸ್ ಅಪ್‌ಡೇಟ್ ಮಾಡಿದೆ, ಯುಪಿಎಸ್ ಮೇಲೆ, ಬಿಸಿಲಿದ್ದ ಬೆಳಗ್ಗೆ. ಆಮೇಲೆ ಹೊಸದನ್ನು ಕೂರಿಸಿದೆ. ಹಳೆ ಕಾರ್ಡ್ 185 ವ್ಯಾಟ್ ಎಳೆಯುತ್ತಿತ್ತು, ಹೊಸದು 132. ಪವರ್ ಸಪ್ಲೈಗೆ ಭಾರ ಕಮ್ಮಿಯೇ ಆಯಿತು. ಕಾರ್ಡ್ ಮತ್ತು ಬೋರ್ಡ್ ನಡುವಿನ ದಾರಿಗೆ ಪಿಸಿಐಇ ಅನ್ನುತ್ತಾರೆ. ಈ ಕಾರ್ಡ್ ಪಿಸಿಐಇ 4ನೇ ಪೀಳಿಗೆಗೆ ಮಾಡಿದ್ದು, ಡೇಟಾ ಓಡುವ ಲೇನ್ ಎಂಟೇ. ನನ್ನ ಬೋರ್ಡಿನಲ್ಲಿ ಪಿಸಿಐಇ 3 ಮಾತ್ರ ಇದೆ. ಸ್ವಲ್ಪ ವೇಗ ಹೋಗುತ್ತದೆ, ಆಡುವಾಗ ನನಗೆ ತಿಳಿಯಲಿಲ್ಲ. ಸೈಬರ್‌ಪಂಕ್ ಆಟ ಮೊದಲು ಚಿತ್ರದ ಗುಣಮಟ್ಟ ಇಳಿಸಿದರೂ ಸೆಕೆಂಡಿಗೆ ನಲವತ್ತು ಫ್ರೇಮ್ ದಾಟುತ್ತಿರಲಿಲ್ಲ, ಈಗ ಚೆಂದದ ಚಿತ್ರದಲ್ಲೇ ಅರವತ್ತು ಬರುತ್ತದೆ. 2024ರಲ್ಲಿ ಖಾಲಿ ಇದ್ದ ಎರಡು ಸ್ಲಾಟಿಗೆ ಇನ್ನೂ 16 ಜಿಬಿ ಹಾಕಿದೆ. ನಾಲ್ಕು ಕಡ್ಡಿ ಸೇರಿ 3000ದಲ್ಲಿ ನಿಲ್ಲಲಿಲ್ಲ, 2933ಕ್ಕೆ ಇಳಿಸಿದ ಮೇಲೆ ಒಮ್ಮೆಯೂ ತೊಂದರೆ ಕೊಟ್ಟಿಲ್ಲ.

ಈಗ ಚಿಕ್ಕಪ್ಪನ ಮಗನಿಗೆ ಪಿಸಿ ಬೇಕಂತೆ. "ಅಣ್ಣ, ನಿಂದೇ ತರದ್ದು ಕಟ್ಟಿಕೊಡು" ಅಂದ. ಅದನ್ನೇ ಕಟ್ಟುವುದಿಲ್ಲ ಅಂದೆ. ಎಎಂ4ನ ದಾರಿ ಕೊನೆಗೆ ಬಂದಿದೆ. ಅದರ ಮುಂದಿನ ಸಾಕೆಟ್ ಎಎಂ5 2022ರಲ್ಲಿ ಶುರುವಾದದ್ದು, 2027ರವರೆಗೆ ಮತ್ತು ಮುಂದೆಯೂ ನಡೆಸುತ್ತೇವೆ ಅಂತ ಎಎಂಡಿ ಹೇಳಿದೆ. ಅವನಿಗೆ ಅದೇ ಸರಿ. ಅವನ ಹತ್ತಿರ ಈ ವರ್ಷ ಕಾರ್ಡ್‌ಗೆ ದುಡ್ಡಿಲ್ಲ, ಎಎಂ5ಗೆ ಬೇಕಾದ ಡಿಡಿಆರ್5 ರ್ಯಾಮ್ ಬೇರೆ ತುಟ್ಟಿಯಾಗಿದೆ. ಒಳಗೇ ಜೋರಾದ ಗ್ರಾಫಿಕ್ಸ್ ಇರುವ ರೈಜೆನ್ 5 8600ಜಿ ಪ್ರೊಸೆಸರ್ ತೆಗೆದುಕೊಂಡರೆ ಕಾರ್ಡ್ ಇಲ್ಲದೆಯೇ ಸಣ್ಣಪುಟ್ಟ ಆಟ ಚೆನ್ನಾಗಿ ಓಡುತ್ತವೆ. ಆದರೆ ಅದರ ಎಲ್3 ಕ್ಯಾಶ್, ಅಂದರೆ ಪ್ರೊಸೆಸರ್ ಒಳಗಿನ ವೇಗದ ಮೆಮೊರಿ, ರೈಜೆನ್ 5 7600ರ ಅರ್ಧ, ಕಾರ್ಡ್‌ಗೆ ಕೊಡುವ ಲೇನ್ ಎಂಟೇ. ಮುಂದೆ ಒಳ್ಳೆ ಕಾರ್ಡ್ ಹಾಕಿದಾಗ ಅಲ್ಲಿ ಅಡ್ಡಿಯಾಗುತ್ತದೆ. ಹಾಗಾಗಿ 7600. 7500ಎಫ್ ಥರ ಕೊನೆಗೆ ಎಫ್ ಅಕ್ಷರ ಇರುವುದನ್ನು ತರಬಾರದು ಅಂತ ಎರಡು ಸಲ ಹೇಳಿದ್ದೇನೆ. ಎಫ್ ಇದ್ದರೆ ಪ್ರೊಸೆಸರ್ ಒಳಗೆ ಗ್ರಾಫಿಕ್ಸ್ ಇರುವುದಿಲ್ಲ, ಕಾರ್ಡ್ ಬರುವವರೆಗೆ ಪರದೆಯೇ ಬರುವುದಿಲ್ಲ.

ಬೋರ್ಡ್, ಪವರ್ ಸಪ್ಲೈ, ಕೇಸ್ ಬಂದಿವೆ. ವೈರ್‌ಮನ್ ಶನಿವಾರ ಅವರ ಮನೆಗೆ ಅರ್ಥ್ ನೋಡಲು ಬರುತ್ತಾರೆ. ಕಾರ್ಡ್ ಮುಂದಿನ ಕೊಯ್ಲಿಗೆ.