ಎರಡು ಕಾಲದ ಎಂಜಿ ಕಾರುಗಳನ್ನು ಹೋಲಿಸುವ ಬಗೆ

ಬ್ರಿಟನ್ನಿನ ಹಳೆಯ ಸ್ಪೋರ್ಟ್ಸ್ ಕಾರುಗಳಾದ ಎಂಜಿ ಟಿಸಿ ಮತ್ತು ಎಂಜಿಬಿ, ಈ ಎರಡರಲ್ಲಿ ಯಾವುದನ್ನು ಕೊಳ್ಳುವುದು ಎಂದು ಮಾಟುಂಗದ ಗೆಳೆಯರು ಕೇಳಿದಾಗಲೆಲ್ಲ ನಾನು ಎಂಜಿನ್ನಿನ ಮಾತೆತ್ತುವ ಮೊದಲು ಬಾಡಿಯ ಮಾತೆತ್ತುತ್ತೇನೆ. ನಾಲ್ಕು ತಿಂಗಳ ಮಳೆಯೂ ವರ್ಷವಿಡೀ ಉಪ್ಪುಗಾಳಿಯೂ ಇರುವ ಮುಂಬಯಿಯಲ್ಲಿ ಹಳೆಯ ಕಾರು ಕೆಡುವುದು ಅಲ್ಲಿಂದಲೇ. ಸಾಧ್ಯವಾದರೆ ಮಳೆ ಮುಗಿದು ದಸರೆ ಬರುವ ಹೊತ್ತಿಗೆ ಕಾರು ನೋಡಲು ಹೋಗಿ, ಮುಚ್ಚಿಟ್ಟದ್ದೆಲ್ಲ ಆಗ ಹೊರಬಿದ್ದಿರುತ್ತದೆ.

1945ರಿಂದ 1949ರವರೆಗೆ ತಯಾರಾದ ಟಿಸಿಗೆ ಉಕ್ಕಿನ ಪ್ರತ್ಯೇಕ ಚಾಸಿಯಿದ್ದು, ಅದರ ಮೇಲಿನ ಬಾಡಿಯ ತಗಡನ್ನು ಆ್ಯಶ್ ಮರದ ಚೌಕಟ್ಟಿಗೆ ಕೂರಿಸಲಾಗಿದೆ. ಇದರ ಬಾಗಿಲಿನ ಕೀಲುಗಳು ಹಿಂಬದಿಯಲ್ಲಿವೆ. ಬಾಗಿಲನ್ನು ಅರ್ಧ ತೆರೆದು, ಮುಂದಿನ ಅಂಚನ್ನು ಹಿಡಿದು ಮೆಲ್ಲನೆ ಮೇಲಕ್ಕೆತ್ತಿ. ಕೀಲು ಕೂತಿರುವ ಕಂಬವೇ ಅಲುಗಾಡಿದರೆ ಒಳಗಿನ ಮರ ಲಡ್ಡು ಹಿಡಿದಿದೆ ಎಂದೇ ತಿಳಿಯಬೇಕು.

1962ರಲ್ಲಿ ಬಂದ ಎಂಜಿಬಿಗೆ ಬೇರೆ ಚಾಸಿಯೇ ಇಲ್ಲ. ಭಾರವನ್ನು ಬಾಡಿಯೇ ಹೊರುತ್ತದೆ, ಅದರಲ್ಲೂ ಬಾಗಿಲಿನ ಕೆಳಗೆ ಉದ್ದಕ್ಕೆ ಹಾಯ್ದಿರುವ ಸಿಲ್. ಬಟ್ಟೆ ಸುತ್ತಿದ ಸಣ್ಣ ಆಯಸ್ಕಾಂತವನ್ನು ಅದರ ಮೇಲೆ ಸರಿಸುತ್ತ ಹೋದರೆ, ಅಂಟದೆ ಜಾರುವ ಕಡೆ ಬಣ್ಣದಡಿ ಇರುವುದು ಪುಟ್ಟಿ. ಹೊಳಪಿಗೆ ಮರುಳಾಗಿ ನಾನೊಮ್ಮೆ ಈ ಪರೀಕ್ಷೆಯನ್ನು ಬಿಟ್ಟೆ. ಮೊದಲ ಮಳೆಗಾಲ ಕಳೆಯುವಷ್ಟರಲ್ಲಿ ಅಂಗೈಯಗಲದ ಪುಟ್ಟಿ ಹಪ್ಪಳದಂತೆ ಕಳಚಿ ಬಂತು. ತೆರೆದ ಮಾದರಿಯಾದರೆ ಜಾಕ್ ಕೊಟ್ಟು ಒಂದು ಬದಿಯನ್ನು ಎತ್ತಿ, ಬಾಗಿಲಿನ ಸಂದು ಕಿರಿದಾಗುತ್ತದೆಯೇ ಎಂದೂ ನೋಡಿ, ಕಿರಿದಾದರೆ ಸಿಲ್ ಬಲ ಕಳೆದುಕೊಂಡಿದೆ ಎಂದರ್ಥ.

ಎಂಜಿನ್ನುಗಳ 1250 ಸಿಸಿ, 1798 ಸಿಸಿ ಎಂಬ ಅಂಕಿಗಳನ್ನು ಎದುರುಬದುರು ಇಟ್ಟು ತೀರ್ಪು ಕೊಡುವುದು ನನಗೆ ಸರಿಕಾಣದು. ಅದಕ್ಕಿಂತ ನಿಮ್ಮ ಮೆಕ್ಯಾನಿಕ್ಕಿನ ಪೆಟ್ಟಿಗೆಯಲ್ಲಿ ಯಾವ ಪಾನಾಗಳಿವೆ ಎಂದು ವಿಚಾರಿಸಿ, ಏಕೆಂದರೆ ಟಿಸಿ ಎಂಜಿನ್ನಿನ ಬೋಲ್ಟುಗಳಿಗೆ ಥ್ರೆಡ್ಡು ಮೆಟ್ರಿಕ್ಕಿನದು, ತಲೆ ಮಾತ್ರ ವಿಟ್‌ವರ್ತ್ ಎಂಬ ಹಳೆಯ ಬ್ರಿಟಿಷ್ ಅಳತೆಯದು, ಮೆಟ್ರಿಕ್ ಪಾನಾ ಅದಕ್ಕೆ ಸರಿಯಾಗಿ ಕೂರದು.

ಓಡಿಸಿ ನೋಡುವಾಗ ಒಂದೇ ಭಾನುವಾರದ ಬೆಳಗಿನ ಜಾವ ಎರಡನ್ನೂ ಚೌಪಾಟಿಯಿಂದ ವಾಲ್ಕೇಶ್ವರದ ಏರಿಗೆ ಹತ್ತಿಸಿ. ಟಿಸಿಯ ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕ್, ಎಂಜಿಬಿಯ ಮುಂದಿನವಕ್ಕೆ ಡಿಸ್ಕ್. ಇಳಿಯುವಾಗ ಟಿಸಿಯಲ್ಲಿ ಮುಂದಿನ ವಾಹನದಿಂದ ಹೆಚ್ಚು ಅಂತರ ಬಿಡಬೇಕು. ಮೊದಲ ಗೇರಿಗೆ ಸಿಂಕ್ರೋಮೆಶ್ (ಗೇರು ಕರಕರ ಎನ್ನದೆ ಸಲೀಸಾಗಿ ಬೀಳಲು ಹಲ್ಲುಗಳ ವೇಗ ಹೊಂದಿಸುವ ಏರ್ಪಾಡು) ಟಿಸಿಯಲ್ಲಿಲ್ಲ, 1967ಕ್ಕಿಂತ ಹಿಂದಿನ ಎಂಜಿಬಿಯಲ್ಲೂ ಇಲ್ಲ. ಅದೇ ವರ್ಷದವರೆಗೆ ಎಂಜಿಬಿಗೂ ಟಿಸಿಯಂತೆ ಪಾಸಿಟಿವ್ ಅರ್ತ್, ಅಂದರೆ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಸೇರುವ ಜೋಡಣೆ, ಇತ್ತಾದ್ದರಿಂದ, ಬ್ಯಾಟರಿಯ ಯಾವ ತುದಿ ಬಾಡಿಗೆ ಸೇರಿದೆಯೆಂದು ಕಣ್ಣಾರೆ ನೋಡದೆ ಮೊಬೈಲ್ ಚಾರ್ಜರ್ ಕೂಡ ಜೋಡಿಸಬೇಡಿ.